ಚಿಪ್ಪು

ಚಿಪ್ ಅಂದ ಮುಕಿಲನ್. ನನಗೆ ಕೇಳಿಸಿದ್ದು ಚಿಪ್ಪು.
ಬೆಂಗ್ರೆಯವಳ ಕಿವಿ, ಇನ್ನೇನು ಕೇಳೀತು.
ಕೊಯಮತ್ತೂರಿನಿಂದ ನಾಲ್ಕು ರಟ್ಟಿನ ಪೆಟ್ಟಿಗೆ ತಂದಿದ್ದ,
ತುಂಬ ಬಿಳಿ ಅಂಟುಚೀಟಿ. ಬೆಳಕಿಗೆ ಹಿಡಿದರೆ ಒಳಗೆ
ಲೋಹದ ಸುರುಳಿ, ಅದರ ಬದಿಗೆ
ಸಾಸಿವೆಗಿಂತ ಸಣ್ಣದೊಂದು ಕಪ್ಪು.

ಹಂಪನಕಟ್ಟೆಯ ಕಾಲೇಜು, ಬೇಸಿಗೆ ರಜೆ,
ಇಪ್ಪತ್ತೆರಡು ಸಾವಿರ ಪುಸ್ತಕ.
ಹಿಂದಿನ ರಟ್ಟಿಗೆ ಅಂಟಿಸುವುದು, ಅಂಗೈಯಿಂದ ಒತ್ತುವುದು,
ಮಗುವಿನ ಜ್ವರ ನೋಡುವ ಹಾಗೆ.

ಬ್ಯಾಟರಿ ಇಲ್ವಾ, ಕೇಳಿದೆ.
ಬೇಡ ಅಕ್ಕ, ಸುಮ್ಮನೆ ಮಲಗಿರ್ತದೆ.
ಬಾಗಿಲ ಕಂಬದಿಂದ ಅಲೆ ಬಂದರೆ ಎಚ್ಚರ,
ತನ್ನ ನಂಬರು ಹೇಳ್ತದೆ, ತಿರುಗಿ ಮಲಗ್ತದೆ.
ಕೇಳಿದವರು ಯಾರು ಅಂತ ವಿಚಾರಿಸುವುದಿಲ್ವಾ?
ಅವನು ನಕ್ಕ:
ಅಷ್ಟು ಬುದ್ಧಿ ಇಟ್ಟರೆ ರೇಟು ಜಾಸ್ತಿ.

ಸುಳ್ಳು ಯಾಕೆ, ಉಪಕಾರ ಉಂಟು.
ಕೈಯಲ್ಲೊಂದು ಹಲಗೆ ಹಿಡಿದು ಸಾಲಿನುದ್ದ ನಡೆದರೆ
ತಪ್ಪಿ ಕೂತದ್ದು ಟಿಂವ್ ಅನ್ನುತ್ತದೆ.
ಕಾನೂನಿನ ಕಪಾಟಿನಲ್ಲಿ ಸೇರಿಹೋದ ಮೀನುಶಾಸ್ತ್ರ
ಒಂದೇ ನಿಮಿಷಕ್ಕೆ ಸಿಕ್ಕಿತು.
ನನ್ನ ಮೊಣಕಾಲು ಆ ಹಲಗೆಗೆ ಕೈಮುಗಿಯಿತು.

ಆದರೆ ಮೂವತ್ತೊಂದು ವರ್ಷ ಆ ಮೇಜಿನ ಹಿಂದೆ
ನಾನೂ ಒಂದು ಯಂತ್ರವೇ ಆಗಿದ್ದೆ.
ಇಂಗ್ಲಿಷ್ ಪ್ರೊಫೆಸರು ಮಕ್ಕಳ ವ್ಯಾಕರಣ ಒಯ್ದದ್ದು,
ಎನ್‌ಸಿಸಿಯ ಹುಡುಗ ಅಪಸ್ಮಾರದ ಬಗ್ಗೆ ಓದಿದ್ದು,
ನಲವತ್ತನೇ ಪುಟದಲ್ಲಿ ಬಸ್ಸಿನ ಟಿಕೆಟು ಮರೆತದ್ದು,
ಎಲ್ಲ ಗೊತ್ತಿತ್ತು.
ಗೊತ್ತಿರುವುದು ಬೇರೆ, ಹೇಳುವುದು ಬೇರೆ.

ಸುಗಂಧಿ ಒಯ್ದದ್ದು ಆಸ್ತಿಯಲ್ಲಿ ಹೆಣ್ಣಿನ ಪಾಲಿನ ಪುಸ್ತಕ.
ಮೂರನೇ ದಿನ ಅವಳ ಅಣ್ಣ ಬಂದ, ಹೆಲ್ಮೆಟ್ಟು ತೆಗೆಯದೆ.
ತಂಗಿ ಏನು ಓದ್ತಾಳೆ, ರಿಜಿಸ್ಟ್ರು ತೋರಿಸಿ.
ನಾನು ಕನ್ನಡಕ ಹುಡುಕಿದೆ. ಅದು ಮೂಗಿನ ಮೇಲೇ ಇತ್ತು.
ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಪುಟ ತಿರುವಿದೆ,
ಚಾ ಲೋಟವನ್ನು ಸರಿಯಾಗಿ ಆ ಸಾಲಿನ ಮೇಲಿಟ್ಟೆ.
ಅಡುಗೆ ಪುಸ್ತಕ ಕಾಣ್ತದೆ ಮಾರಾಯ್ರೆ,
ಅಕ್ಷರ ಕದಡಿದೆ ನೋಡಿ.
ಮರೆಯುವುದಕ್ಕೂ ಸೇರಿಸಿ ನನಗೆ ಸಂಬಳ ಕೊಡುತ್ತಿದ್ದರೋ ಏನೋ.

ಮೊನ್ನೆ ಕಚೇರಿಯಿಂದ ಕಾಗದ:
ಯಾರು ಏನು ಓದಿದರು, ಐದು ವರ್ಷದ್ದು, ಹೆಸರು ಸಮೇತ.
ಯಾರಿಗೆ, ಯಾಕೆ, ಅದರಲ್ಲಿಲ್ಲ.
ಗುಂಡಿ ಒತ್ತಿದೆ.
ಪ್ರಿಂಟರು ಉಗುಳಿತು, ಉಗುಳಿತು,
ಚಾ ಬರುವಷ್ಟರಲ್ಲಿ ಮುಗಿದೇ ಹೋಗಿತ್ತು.
ಒಂದು ಹೆಸರೂ ತಡವರಿಸಲಿಲ್ಲ.
ಕೊಟ್ಟೆ. ಸಹಿ ಹಾಕಿಯೇ ಕೊಟ್ಟೆ.

ಸಂಜೆ ದಕ್ಕೆಯ ಹತ್ತಿರ ನೂರು ಮರುವಾಯಿ ಕೊಂಡೆ.
ಕತ್ತಿಮಣೆಯ ಮುಂದೆ ಕೂತರೆ
ಪ್ರತಿಯೊಂದೂ ಹಲ್ಲು ಕಚ್ಚಿಕೊಂಡಿದೆ.
ಸಂದು ಹುಡುಕಬೇಕು, ಅಂಚು ಜಾರಬಾರದು,
ಒಳಗಿರುವುದು ಉಗುರಿನಷ್ಟು ಮಾಂಸ,
ಅದಕ್ಕೆ ಇಷ್ಟು ಜಗಳ.
ಎಪ್ಪತ್ತರ ಹೊತ್ತಿಗೆ ಹೆಬ್ಬೆರಳು ಕೊಯ್ದುಕೊಂಡೆ.
ನನಗೆ ಸಿಟ್ಟು ಬರಲಿಲ್ಲ.

ಒಂದನೇ ತಾರೀಕಿನಿಂದ ನನ್ನ ಕೊರಳಲ್ಲೂ ಉಂಟು ಒಂದು,
ಫೋಟೋ, ಹೆಸರು, ನೀಲಿ ಪಟ್ಟಿ.
ಬುಧವಾರ ಹಿಂದಿನ ವರಾಂಡದಲ್ಲಿ ಹದಿನಾಲ್ಕು ನಿಮಿಷ, ಯಾಕಮ್ಮ?
ಸೂಪರಿಂಟೆಂಡೆಂಟರು ಒಳ್ಳೆಯ ಸ್ವರದಲ್ಲೇ ಕೇಳಿದ್ದು.
ಹಲಸಿನ ಮರದಲ್ಲಿ ಮುಂಗುಸಿ ಮರಿ ಇಳಿಯುತ್ತಿತ್ತು.
ಹಾಗಂತ ಹೇಳಲು ನಾಚಿಕೆಯಾಗಿ
ಹೊಟ್ಟೆ ಸರಿ ಇರಲಿಲ್ಲ ಅಂದೆ.

ಊರಿಗೆ ಹೊರಡುವಾಗ ಮುಕಿಲನ್ ತಗ್ಗಿದ ದನಿಯಲ್ಲಿ ಹೇಳಿದ್ದ:
ಸ್ಟೀಲ್ ಡಬ್ಬಿಯೊಳಗೆ ಅಲೆ ಹೋಗುವುದಿಲ್ಲ ಅಕ್ಕ.

ಬೆಂಗ್ರೆಯ ದೋಣಿ ಹತ್ತುವ ಮೊದಲು
ಕೊರಳಿನದ್ದು ತೆಗೆದು ಬುತ್ತಿಯ ಡಬ್ಬಿಯಲ್ಲಿಟ್ಟು
ಎರಡೂ ಕೊಂಡಿ ಹಾಕುತ್ತೇನೆ.
ದೋಣಿಯಲ್ಲಿ ಯಾವ ಕಂಬವೂ ಇಲ್ಲ, ಗೊತ್ತು.
ಬೆಳಿಗ್ಗೆ ಬಾಗಿಲಲ್ಲಿ ಹೊರತೆಗೆದರೆ
ನನ್ನ ಹೆಸರಿಗೆಲ್ಲ
ಮರುವಾಯಿ ಸುಕ್ಕದ ವಾಸನೆ.